ಆನೆಯ ಮುದ್ರೆಯ ಸುರೆ

ಹೆಂಗಸರು ಮಕ್ಕಳೆಲ್ಲರೂ ಓದತಕ್ಕ ಪತ್ರಿಕೆಯಲ್ಲಿ ಮದ್ಯದ ವಿಷಯವನ್ನು ಬರೆಯುವದು ಯೋಗ್ಯವೇ ಎಂದು ಕೆಲವರು ಕೇಳಬಹುದು. ನನ್ನ ಉತ್ತರ ಇಷ್ಟೇ: ಯಾವ ವಸ್ತುವು ಊರೂರಿನ ಪೇಟೆಯಲ್ಲಿ ಮಾರಲ್ಪಡುತ್ತಿರುವದೋ, ಯಾವುದರ ಹೆಸರನ್ನು ಎಂಟು ವರುಷದ ಹುಡುಗನೂ ಬಲ್ಲನೋ, ಅದರ ವಿಷಯದಲ್ಲಿ ಮನೆಯ ಹಿರಿಯರು ಮಾತ್ರ ಮೌನ ತಾಳುವದರಿಂದ ಯಾರಿಗೂ ಹಿತವಾಗಲಾರದು. ಆದುದರಿಂದ, ಅರುವತ್ತರ ವಯಸ್ಸಿನಲ್ಲಿ, ಅದೂ ಸಮುದ್ರದಾಚೆಯ ದೇಶದಲ್ಲಿ, ಒಂದು ಅಗ್ಗದ ಬಿಯರನ್ನು ನಾನು ರುಚಿ ನೋಡಿದ ಸಂಗತಿಯನ್ನೂ ಅದರಿಂದ ಹುಟ್ಟಿದ ವಿಚಾರಗಳನ್ನೂ ವಾಚಕರ ಮುಂದಿಡುತ್ತೇನೆ.

ನಾನು ವೃತ್ತಿಯಿಂದ ಸಂಸ್ಕೃತದ ಶಿಕ್ಷಕನು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಮೂವತ್ತಕ್ಕೂ ಮಿಕ್ಕಿ ವರುಷ ಶಬ್ದ-ಧಾತುಗಳನ್ನು ಬಾಯಿಪಾಠ ಮಾಡಿಸಿ ಈಗ ವಿಶ್ರಾಂತಿ ಹೊಂದಿರುವೆನು. ನಮ್ಮ ಮನೆತನದಲ್ಲಿ ಮದ್ಯವನ್ನು ಮುಟ್ಟಿದವರಿಲ್ಲ. ಆದರೆ ಅಮರಕೋಶವನ್ನು ಕಲಿಸುವವನನ್ನು ಅದರ ಹೆಸರುಗಳು ಬಿಡವು. ಸುರಾ, ಹಾಲಾ, ಮದಿರಾ, ಮೈರೇಯ, ಆಸವ, ಸೀಧು ಎಂದು ಎಷ್ಟೋ ಹುಡುಗರಿಂದ ಹೇಳಿಸಿದೆನು. ಪದಗಳೆಲ್ಲ ಗೊತ್ತಿದ್ದವು; ಪದಾರ್ಥವು ಮಾತ್ರ ಗೊತ್ತಿರಲಿಲ್ಲ.

ನನ್ನ ಮಗನು ಉದ್ಯೋಗದ ನಿಮಿತ್ತ ಬ್ಯಾಂಕಾಕಿನಲ್ಲಿರುತ್ತಾನೆ. ನಾನೂ ನನ್ನ ಮನೆಯವರೂ ಒಂದು ತಿಂಗಳ ಮಟ್ಟಿಗೆ ಅವನಲ್ಲಿಗೆ ಹೋಗಿದ್ದೆವು. ಸಂಸ್ಕೃತ ಬಲ್ಲವನಿಗೆ ಆ ದೇಶವು ಪೂರಾ ಪರದೇಶವಲ್ಲ. ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಅದರೊಳಗೆ ದೇವಾಸುರರು ವಾಸುಕಿಯನ್ನು ಹಿಡಿದು ಕಡಲನ್ನು ಕಡೆಯುವ ಬೃಹತ್ ಪ್ರತಿಮೆಗಳಿವೆ. ಆ ಮಥನದಲ್ಲಿ ಅಮೃತ ಬಂದಿತು, ವಿಷ ಬಂದಿತು, ಸುರೆಯ ಅಧಿದೇವತೆಯಾದ ವಾರುಣಿಯೂ ಬಂದಳೆಂದು ನಮ್ಮ ಪುರಾಣಗಳು ಹೇಳುವವು. ಅಲ್ಲಿಯ ಭಾಷೆಯಲ್ಲಿ ಮದ್ಯಕ್ಕೆ ಇಂದಿಗೂ ‘ಸುರಾ’ ಎಂಬ ಪದವಿದೆ. ಅಲ್ಲಿಯ ಹಳೆಯ ಬಿಯರೊಂದಕ್ಕೆ ‘ಸಿಂಘ’, ಎಂದರೆ ಸಿಂಹವೆಂದು ಹೆಸರು. ಅದನ್ನು ತಯಾರಿಸುವ ಕಾರಖಾನೆಯು ೧೯೩೩ರಲ್ಲಿ ಸ್ಥಾಪಿತವಾಯಿತು. ೧೯೯೫ರಲ್ಲಿ ಅದಕ್ಕೆ ಪ್ರತಿಸ್ಪರ್ಧಿಯಾಗಿ ‘ಚಾಂಗ್’ ಎಂಬುದು ಹುಟ್ಟಿತು. ಚಾಂಗ್ ಎಂದರೆ ಆನೆ. ಬೆಲೆಯನ್ನು ಕಡಿಮೆ ಇಟ್ಟದ್ದರಿಂದ ಆನೆಯು ಕೆಲವೇ ವರುಷಗಳಲ್ಲಿ ಸಿಂಹವನ್ನು ಹಿಂದೆ ಹಾಕಿತು. ಕಾವ್ಯಗಳಲ್ಲಿ ಆನೆಯ ಕುಂಭಸ್ಥಳವನ್ನು ಸಿಂಹವು ಸೀಳುವದೇ ರೂಢಿ. ಪೇಟೆಯಲ್ಲಿ ಅಗ್ಗದ ಬೆಲೆಯು ಆ ರೂಢಿಯನ್ನು ತಿರುವು ಮುರುವು ಮಾಡಿತು.

ಒಂದು ರಾತ್ರಿ ಊಟಕ್ಕೆ ಮುಂಚೆ ಮಗನು ತಂಪು ಪೆಟ್ಟಿಗೆಯಿಂದ ಆ ಬಿಯರಿನ ಒಂದು ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟನು.

“ಅಪ್ಪಾ, ನಿಮ್ಮಿಂದ ಮುಚ್ಚಿಡೂದು ನನಗ ಬ್ಯಾಡ ಅನಸ್ತದ. ವಾರಕ್ಕ ಒಂದು ಕುಡೀತೇನಿ. ಹೆಚ್ಚಿಲ್ಲ.”

ಅವನ ತಾಯಿ ಮಾತಾಡದೆ ಎದ್ದು ಒಳಗೆ ಹೋದಳು. ನಾನು ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದೆನು. ಎರಡು ಬಿಳಿಯಾನೆಗಳು ಎದುರುಬದುರಾಗಿ ನಿಂತಿದ್ದವು. ನಡುವೆ ನೀರಿನ ಕಾರಂಜಿ. ನಮ್ಮ ಕಡೆಯ ಹಳೆಯ ಗುಡಿಗಳ ಬಾಗಿಲವಾಡಗಳ ಮೇಲೆ ಗಜಲಕ್ಷ್ಮಿಯನ್ನು ಕಂಡವರಿಗೆ ಆ ಚಿತ್ರವು ಪರಿಚಿತವೇ. ಆದರೆ ಇಲ್ಲಿ ಆನೆಗಳೆರಡೂ ಇದ್ದವು, ನಡುವೆ ಲಕ್ಷ್ಮಿ ಇರಲಿಲ್ಲ.

“ಒಂದು ಲೋಟದಾಗ ಸ್ವಲ್ಪ ಹಾಕಿ ಕೊಡು. ಏನದ ಅಂತ ನೋಡೋಣು,” ಎಂದೆನು. ಮಗನಿಗೆ ಆಶ್ಚರ್ಯವಾಯಿತು, ಆದರೂ ಹಾಕಿಕೊಟ್ಟನು.

ಬಣ್ಣವು ಒಣಹುಲ್ಲಿನಂತೆ ತಿಳಿಹಳದಿ. ಮೇಲೆ ಬಿಳಿಯ ನೊರೆ, ನೋಡುನೋಡುತ್ತಲೇ ಇಳಿಯಿತು. ಮೂಗಿನ ಹತ್ತಿರ ಹಿಡಿದರೆ ನೆನೆಹಾಕಿದ ಧಾನ್ಯದ ವಾಸನೆ, ಅದರ ಹಿಂದೆ ದೋಸೆಯ ಹಿಟ್ಟು ಹುದುಗು ಬಂದಂಥ ಒಂದು ಎಳೆ. ನಾಲಗೆಯ ಮೇಲೆ ಮೊದಲು ತಂಪು, ಅನಂತರ ಸೋಡಾದ ಚುರುಕು, ಆಮೇಲೆ ತುಸು ಸಿಹಿ, ಕೊನೆಗೆ ಮೆಂತೆಯ ಕಾಳನ್ನು ಕಡಿದಂತೆ ಸ್ವಲ್ಪವೇ ಕಹಿ. ಕಹಿಯೂ ಬಹಳ ಹೊತ್ತು ನಿಲ್ಲಲಿಲ್ಲ. ಮೂರು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟೆನು. ಹೊಗಳತಕ್ಕದ್ದೂ ಇರಲಿಲ್ಲ, ಜರಿಯತಕ್ಕದ್ದೂ ಇರಲಿಲ್ಲ. ಬೆವರಿಳಿಯುವ ಊರಿನಲ್ಲಿ ದಣಿದವನ ಗಂಟಲನ್ನು ತಂಪು ಮಾಡಬೇಕು, ಯಾರ ನಾಲಗೆಗೂ ಬೇಡವೆನ್ನಿಸಬಾರದು, ಬೆಲೆ ಯಾರಿಗೂ ಭಾರವಾಗಬಾರದು. ಈ ಮೂರು ಉದ್ದೇಶಗಳಿಂದ ಮಾಡಿದ ವಸ್ತುವು ಅದು, ಆ ಕೆಲಸವನ್ನು ಅದು ಮಾಡುತ್ತಿತ್ತು.

ಮಗನು ಅದರ ವಿಧಾನವನ್ನು ವಿವರಿಸಿದನು. ಜವೆಯನ್ನು ಮೊಳಕೆ ಬರಿಸಿ ಒಣಗಿಸುವರು. ಖರ್ಚು ಇಳಿಯಲೆಂದೂ ರುಚಿ ಹಗುರಾಗಲೆಂದೂ ಅಕ್ಕಿಯನ್ನು ಕೂಡಿಸುವರು. ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಕಹಿಯನ್ನು ತರುವರು. ಬಳಿಕ ತಂಪಿನಲ್ಲಿ ಮೆಲ್ಲಗೆ ಹುದುಗಿಸಿ ಕೆಲವು ವಾರ ಶೇಖರಿಸಿಡುವರು. ‘ಲಾಗರ್’ ಎಂಬ ಹೆಸರು ಈ ಶೇಖರಣೆಯನ್ನು ಸೂಚಿಸುವ ಜರ್ಮನ್ ಮಾತಿನಿಂದಲೇ ಬಂದುದು. ಭತ್ತದ ಸೀಮೆಯಾದ ಹಾನಗಲ್ಲಿನವನಿಗೆ ಅಕ್ಕಿಯ ಈ ಗತಿಯನ್ನು ಕೇಳಿ ಒಂದು ಕ್ಷಣ ಕಸಿವಿಸಿಯಾಯಿತು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ತಮ್ಮ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಶ್ರೇಷ್ಠತೆಯ ಸಲುವಾಗಿ ಜಗಳ ಹಚ್ಚಿದರಷ್ಟೆ. ಈ ಕಾರಖಾನೆಯ ಸಂಗತಿ ಆ ಸಭೆಗೆ ಗೊತ್ತಿದ್ದರೆ ರಾಗಿಯ ಪಕ್ಷಕ್ಕೆ ಇನ್ನೊಂದು ಯುಕ್ತಿ ಸಿಕ್ಕುತ್ತಿತ್ತು.

“ನೋಡಿದ್ರೆಲ್ಲಾ? ಇಷ್ಟ ಅದ. ಇದರಾಗ ಏನು ಕೇಡದ?” ಎಂದು ಮಗನು ಕೇಳಿದನು.

ಪ್ರಶ್ನೆಯು ಪ್ರಾಮಾಣಿಕವಾಗಿತ್ತು, ಆದುದರಿಂದ ಉತ್ತರವೂ ಪ್ರಾಮಾಣಿಕವಾಗಿರಬೇಕು. ನಮ್ಮ ತರ್ಕಶಾಸ್ತ್ರದವರು ತಿಳಿವಳಿಕೆಗೆ ಪ್ರತ್ಯಕ್ಷವೊಂದೇ ದಾರಿಯೆಂದು ಹೇಳಲಿಲ್ಲ; ಅನುಮಾನವನ್ನೂ ಆಪ್ತವಾಕ್ಯವನ್ನೂ ಪ್ರಮಾಣಗಳೆಂದೆಣಿಸಿದರು. “ಕುಡಿದು ನೋಡದವನಿಗೆ ಕುಡಿತದ ಮಾತೇಕೆ?” ಎಂದು ಹಲವರು ಕೇಳುವದುಂಟು. ನಾನು ಈಗ ಕುಡಿದು ನೋಡಿದೆನು. ನಾಲಗೆಯು ನನಗೆ ತಿಳಿಸಿದ್ದು ತಂಪು, ಸಿಹಿ, ಕಹಿ ಇಷ್ಟೇ. ಕೇಡಿದೆಯೋ ಇಲ್ಲವೋ ಎಂಬುದು ನಾಲಗೆಗೆ ತಿಳಿಯತಕ್ಕ ವಿಷಯವೇ ಅಲ್ಲ. ಅದಕ್ಕೆ ಬೇರೆ ಪ್ರಮಾಣಗಳು ಬೇಕು.

ಮೊದಲನೆಯದು ಲೆಕ್ಕ. ಆ ಡಬ್ಬಿಯಲ್ಲಿ ೩೩೦ ಮಿಲಿಲೀಟರು ಬಿಯರು, ಮದ್ಯಸಾರವು ನೂರಕ್ಕೆ ೫. ಎಂದರೆ ಶುದ್ಧ ಮದ್ಯಸಾರ ೧೬.೫ ಮಿಲಿಲೀಟರು. ನಮ್ಮ ತಾಲೂಕುಗಳಲ್ಲಿ ಕೂಲಿಯವನು ಕೊಳ್ಳುವದು ಬಿಯರನ್ನಲ್ಲ, ೯೦ ಮಿಲಿಲೀಟರಿನ ಅಗ್ಗದ ವಿಸ್ಕಿಯ ಪಾಕೀಟನ್ನು. ಅದರಲ್ಲಿ ನೂರಕ್ಕೆ ೪೨.೮, ಎಂದರೆ ಸುಮಾರು ೩೮.೫ ಮಿಲಿಲೀಟರು. ಅಂಗೈಯಲ್ಲಿ ಅಡಗುವ ಆ ಪಾಕೀಟು ಎರಡು ಡಬ್ಬಿ ಬಿಯರಿಗಿಂತ ಹೆಚ್ಚು. ಹೀಗಿರುವಾಗ ಬಿಯರು ಸೌಮ್ಯವೆಂಬ ಮಾತು ಸುಳ್ಳಲ್ಲ. ಆದರೆ ಸೌಮ್ಯವೆಂದರೆ ನಿರಪಾಯವೆಂದು ಅರ್ಥವಲ್ಲ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸ್ಪಷ್ಟವಾಗಿ ಸಾರಿದೆ.

ಎರಡನೆಯದು ಆಪ್ತವಾಕ್ಯ. ಶಿಗ್ಗಾಂವಿ ತಾಲೂಕಿನ ಒಂದು ಶಾಲೆಯಲ್ಲಿ ನನಗೊಬ್ಬ ಶಿಷ್ಯನಿದ್ದನು. ರಾಮ ಶಬ್ದವನ್ನು ಎರಡೇ ದಿನಗಳಲ್ಲಿ ಕಲಿತು, ಮೂರನೆಯ ದಿನ ಹರಿ ಶಬ್ದವನ್ನು ತಾನಾಗಿಯೇ ಕೇಳಿದವನು. ಒಮ್ಮೆ ಅವನ ತಾಯಿಯು ಶಾಲೆಗೆ ಬಂದು, ಹುಡುಗನ ವಿದ್ಯಾರ್ಥಿವೇತನದ ಹಣವನ್ನು ಅವನ ತಂದೆಯ ಕೈಯಲ್ಲಿ ಕೊಡದೆ ತನ್ನ ಕೈಯಲ್ಲೇ ಕೊಡಬೇಕೆಂದು ಸೆರಗೊಡ್ಡಿ ಬೇಡಿದಳು. ತಂದೆಯು ಸಾರಾಯಿಯ ಗಿರಾಕಿ. ಹಣವು ಅವಳ ಕೈಗೇ ಸೇರಿತು. ಆದರೆ ಕೂಲಿಯ ಹಣವು ಮನೆಗೆ ಬರುತ್ತಿರಲಿಲ್ಲ. ಹತ್ತನೆಯ ಇಯತ್ತೆಗೆ ಮುಂಚೆಯೇ ಹುಡುಗನು ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೋದನು. ೨೦೦೭ನೆಯ ಜುಲೈ ೧ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿಯು ನಿಷಿದ್ಧವಾಯಿತು. ಮುಂದೆ ಆ ತಾಯಿಯನ್ನು ಸಂತೆಯಲ್ಲಿ ಕಂಡಾಗ, “ಈಗ ನೆಟ್ಟಗಾತೇನವಾ?” ಎಂದು ಕೇಳಿದೆನು. “ಸಾರಾಯಿ ಬಂದಾತ್ರಿ ಮಾಸ್ತರ, ಕುಡಿಯೂದು ಬಂದಾಗಲಿಲ್ಲ,” ಎಂದಳು. ಹಿರಿಯರ ಕಾಲದಲ್ಲಿ ಇದೇ ಸೀಮೆಯು ಬೊಂಬಾಯಿ ಪ್ರಾಂತಕ್ಕೆ ಸೇರಿದ್ದಾಗ ೧೯೪೯ರ ಪಾನನಿಷೇಧದ ಕಾಯಿದೆಯೂ ಇಲ್ಲಿ ಜಾರಿಯಲ್ಲಿದ್ದಿತು. ಕಾಯಿದೆಗಳು ಬಂದವು, ಹೋದವು; ಆ ತಾಯಿಯ ವಾಕ್ಯವು ಮಾತ್ರ ಹಾಗೆಯೇ ನಿಂತಿದೆ.

ಥಾಯ್ ದೇಶದವರಿಗೂ ಈ ಚಿಂತೆ ಇಲ್ಲದಿಲ್ಲ. ಸುರಾ-ಮೈರೇಯಗಳನ್ನು ವರ್ಜಿಸುವದು ಬೌದ್ಧ ಗೃಹಸ್ಥರ ಪಂಚಶೀಲಗಳಲ್ಲಿ ಐದನೆಯದು. ಚಾಂಗ್ ಬಿಯರಿನ ಕಂಪನಿಯು ತನ್ನ ಶೇರುಗಳನ್ನು ಬ್ಯಾಂಕಾಕಿನ ಪೇಟೆಯಲ್ಲಿ ಮಾರಲು ಹೊರಟಾಗ, ೨೦೦೫ರಲ್ಲಿ ಭಿಕ್ಷುಗಳೂ ಉಪಾಸಕರೂ ಬೀದಿಗಿಳಿದು ವಿರೋಧಿಸಿದರು. ಕಂಪನಿಯು ೨೦೦೬ರಲ್ಲಿ ಸಿಂಗಾಪುರದ ಪೇಟೆಗೆ ಹೋಗಬೇಕಾಯಿತು. ಬಿಯರಿನ ಮಾರಾಟ ಅದರಿಂದ ನಿಲ್ಲಲಿಲ್ಲ. ಆದರೂ, ಒಂದು ವಸ್ತುವು ಅಗ್ಗವಾಗಿ ಎಲ್ಲೆಡೆಯಲ್ಲಿ ದೊರೆಯುವದೇ ಅದರ ಯೋಗ್ಯತೆಯಲ್ಲವೆಂದು ಬಹಿರಂಗವಾಗಿ ಹೇಳುವವರು ಅಲ್ಲಿಯೂ ಇದ್ದರೆಂಬುದು ಗಮನಿಸತಕ್ಕ ಸಂಗತಿ.

ಇದನ್ನೆಲ್ಲ ಮಗನಿಗೆ ಒಂದೇ ರಾತ್ರಿಯಲ್ಲಿ ಉಪದೇಶಿಸಲಿಲ್ಲ. ಮೂವತ್ತು ವರುಷದ ಮಗನಿಗೆ ಆಜ್ಞೆ ಮಾಡಿದರೆ ಮುಂದಿನ ಡಬ್ಬಿಯು ನನ್ನ ಬೆನ್ನ ಹಿಂದೆ ತೆರೆಯುವದಷ್ಟೆ. ಅವನು ನನ್ನೆದುರಿಗೆ ತೆರೆದನೆಂಬುದೇ ನನಗೆ ದೊಡ್ಡ ಆಸ್ತಿ. ಅದನ್ನು ಸಿಟ್ಟಿನಿಂದ ಕಳೆಯಲು ನನಗೆ ಮನಸ್ಸಾಗಲಿಲ್ಲ. ಶಿಷ್ಯನ ಕತೆಯನ್ನು ಮಾತ್ರ ಹೇಳಿದೆನು. “ನೀ ಅವನ ತಂದೆಯಲ್ಲ, ನಿಜ. ಆದ್ರ ಅಂವನೂ ಮೊದಲ ವಾರಕ್ಕ ಒಂದ ಕುಡೀತಿದ್ನೇನೋ. ಲೆಕ್ಕ ಬರದಿಡು,” ಎಂದೆನು. ಒಳಗಿನಿಂದ ಅವನ ತಾಯಿಯು, “ಅಗ್ಗ, ಅಗ್ಗ ಅಂತೀರಿ. ಯಾರಿಗೆ ಅಗ್ಗ ಅನ್ನೂದನ್ನೂ ಅದರಾಗ ಬರಕೋ ಅನ್ರಿ,” ಎಂದಳು. ನನ್ನ ಮೂರು ಪ್ರಮಾಣಗಳಿಗಿಂತ ಆ ಒಂದು ಮಾತು ಅವನಿಗೆ ಹೆಚ್ಚು ತಾಗಿತೆಂದು ಅವನ ಮುಖವೇ ಹೇಳಿತು.

ಈಗ ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾನೆ; ತಿಂಗಳ ಕೊನೆಗೆ ಫೋನಿನಲ್ಲಿ ತಾನಾಗಿಯೇ ಸಂಖ್ಯೆಯನ್ನು ಹೇಳುತ್ತಾನೆ. ಮೊದಲ ತಿಂಗಳು ನಾಲ್ಕು, ಅನಂತರ ನಾಲ್ಕು, ಕಳೆದ ತಿಂಗಳು ಎರಡು. ಮುಂದೆ ಏನಾಗುವದೋ ದೈವವೇ ಬಲ್ಲದು. ವಾಚಕರಿಗೆ ನನ್ನ ವಿಜ್ಞಾಪನೆ ಇಷ್ಟೇ: ನಿಮ್ಮ ಮನೆಯ ತರುಣರು ಈ ವಿಷಯವನ್ನು ನಿಮ್ಮೆದುರಿಗೆ ತೆಗೆದಾಗ ಬಾಗಿಲು ಹಾಕಬೇಡಿರಿ; ಕುಳಿತು ಕೇಳಿರಿ, ಲೆಕ್ಕವನ್ನು ಕೇಳಿರಿ, ನೀವು ಕಂಡ ಒಂದು ಮನೆಯ ಕತೆಯನ್ನು ಇದ್ದಂತೆ ಹೇಳಿರಿ.