ಗಾಜಿನಾಚೆಯ ಬಿಸಿಲು

ಅಮ್ಮನನ್ನು ಕರಾವಳಿಯ ಊರಿನಿಂದ ಬೆಂಗಳೂರಿನ ನಮ್ಮ ಮನೆಗೆ ಕರೆತಂದು ಮೂರು ವರ್ಷಗಳಾದವು. ಮೂರನೆಯ ಮಹಡಿ, ಅಂಗಳವಿಲ್ಲ. ಗಾಳಿ ತಾಗದಿರಲೆಂದು ಗಾಜು ಮುಚ್ಚಿ, ಮೂಡಣ ಕಿಟಕಿಯ ಬಳಿ ಅವರನ್ನು ದಿನವೂ ಬೆಳಗ್ಗೆ ಕೂರಿಸುತ್ತಿದ್ದೆ. ಬಿಸಿಲು ಮಡಿಲಿಗೇ ಬೀಳುತ್ತಿತ್ತು. ಮಗನ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆ.

ಮೆಟ್ಟಿಲೇರುವಾಗ ಅವರ ತೊಡೆಗಳು ಸೋಲತೊಡಗಿದವು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 9 ನ್ಯಾನೋಗ್ರಾಂ. 20ಕ್ಕಿಂತ ಕೆಳಗಿದ್ದರೇ ಕೊರತೆ. “ದಿನವೂ ಬಿಸಿಲಿನಲ್ಲೇ ಕೂರುತ್ತಾರಲ್ಲ?” ಎಂದೆ. ಗಾಜು ಬೆಳಕನ್ನೂ ಕಾವನ್ನೂ ಒಳಬಿಡುತ್ತದೆ, ಆದರೆ ಚರ್ಮದಲ್ಲಿ ಈ ಸತ್ವವನ್ನು ಉಂಟುಮಾಡುವ ನೇರಳಾತೀತ ‘ಬಿ’ ಕಿರಣಗಳನ್ನು ತಡೆದುಬಿಡುತ್ತದೆ ಎಂದರು ವೈದ್ಯರು. ಎಳೆಬಿಸಿಲಿನಲ್ಲಂತೂ ಆ ಕಿರಣಗಳೇ ವಿರಳ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತು ಬೇಕು. ವಯಸ್ಸಾದ ಚರ್ಮಕ್ಕೆ ಅದೂ ಸಾಲದೆ, ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್‌ಗಳ ಮಾತ್ರೆ ಬರೆದುಕೊಟ್ಟರು.

ಊರಿನಲ್ಲಿ ಅಮ್ಮ ನಡುಹಗಲಿನಲ್ಲೇ ಅಂಗಳದಲ್ಲಿ ಕೊಬ್ಬರಿ ಒಣಗಿಸುತ್ತಿದ್ದರು. ಊಟಕ್ಕೆ ಬಂಗುಡೆಯೋ ಬೂತಾಯಿಯೋ ಇದ್ದೇ ಇರುತ್ತಿತ್ತು. ರಜೆಗೆ ಹೋದಾಗಲೆಲ್ಲ “ಬಿಸಿಲಿಗೆ ಇಳಿಯಬೇಡಿ” ಎಂದು ಗದರಿದವನು ನಾನೇ.

ಈಗ ರಜಾದಿನಗಳಲ್ಲಿ ಹನ್ನೊಂದು ಗಂಟೆಗೆ ಕೈಹಿಡಿದು ತಾರಸಿಗೆ ಕರೆದೊಯ್ಯುತ್ತೇನೆ. ಇಪ್ಪತ್ತು ನಿಮಿಷ ಸಾಕೆಂದರೂ ಅಮ್ಮ ಏಳುವುದಿಲ್ಲ. ಕಳೆದ ವಾರ ಸೆರಗಿನಲ್ಲಿ ಒಣಮೆಣಸು ಕಟ್ಟಿಕೊಂಡು ಬಂದಿದ್ದರು.