ನಾಲ್ಕು ದಿನ ತುಂಬಿದ ಮನೆ

'ಕಾಟೇಜು' ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಪುಟ್ಟದೊಂದು ಮನೆ. ಒಂದು ಬಾಗಿಲು, ಎರಡು ಕಿಟಕಿ, ಮೇಲೊಂದು ಹೊಗೆಗೂಡು. ಮಕ್ಕಳು ಚಿತ್ರದ ಪುಸ್ತಕದಲ್ಲಿ ಬರೆಯುವುದೂ ಅದನ್ನೇ, ನಾನು ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದೂ ಅದನ್ನೇ. ಹಾಗಾಗಿ ಡಬ್ಲಿನ್ನಿನಲ್ಲಿರುವ ಮಗಳು, "ಅಮ್ಮ, ಈ ಸಲ ನಾವು ಹನ್ನೊಂದು ಜನ ಸೇರಿ ಸಮುದ್ರದ ಹತ್ತಿರ ಒಂದು ಕಾಟೇಜಿನಲ್ಲಿ ಇದ್ದು ಬರೋಣ" ಎಂದಾಗ, ಹನ್ನೊಂದು ಜನ ಮಲಗುವುದಾದರೂ ಎಲ್ಲಿ ಎಂಬುದೇ ನನ್ನ ಚಿಂತೆ.

ಮೇ ತಿಂಗಳ ಮೊದಲ ಸೋಮವಾರ ಐರ್ಲೆಂಡಿನಲ್ಲಿ ಸಾರ್ವಜನಿಕ ರಜೆ. ನನಗೂ ಬೇಸಿಗೆ ರಜೆ. ನಾವಿಬ್ಬರು, ಮಗಳು, ಅಳಿಯ, ಮೊಮ್ಮಗ, ಧಾರವಾಡದಿಂದ ಬಂದಿದ್ದ ಬೀಗರಿಬ್ಬರು, ಇಂಗ್ಲೆಂಡಿನಲ್ಲಿರುವ ಅಳಿಯನ ಅಣ್ಣನ ಸಂಸಾರದ ನಾಲ್ವರು. ನಮ್ಮ ಜೊತೆಗೆ ಇನ್ನೊಂದು ಬಂದಿತ್ತು. ಊರಿನಿಂದ ಹೊರಡುವಾಗ ತಮ್ಮ ನನ್ನ ಕೈಗೆ ಕೊಟ್ಟ ಕಾಗದ. ಅದರ ಮಾತು ಆಮೇಲೆ.

ನಾವು ಹೋದದ್ದು ಪಶ್ಚಿಮ ತೀರದ ಮೇಯೊ ಜಿಲ್ಲೆಯ ಆಕಿಲ್ ಎಂಬ ದ್ವೀಪಕ್ಕೆ. ಡಬ್ಲಿನ್ನಿನಿಂದ ಕಾರಿನಲ್ಲಿ ನಾಲ್ಕು ಗಂಟೆಗೂ ಮೀರಿದ ದಾರಿ. ದ್ವೀಪವೆಂದರೂ ದೋಣಿ ಬೇಕಿಲ್ಲ, ಸೇತುವೆಯಿದೆ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಮರವಿಲ್ಲದ ಬೆಟ್ಟ, ನಡುವೆ ಜೌಗು ನೆಲದಲ್ಲಿ ಮೇಯುವ ಕುರಿಗಳು. ಆ ಕಾಟೇಜೋ, ಆರು ಮಲಗುವ ಕೋಣೆಗಳ ದೊಡ್ಡ ಬಂಗಲೆ! ಸಮುದ್ರದ ಕಡೆಗೆ ಗೋಡೆಯುದ್ದದ ಗಾಜು, ಹನ್ನೆರಡು ಜನ ಕೂರುವ ಊಟದ ಮೇಜು. ಹಿಂದಿನ ಕಾಲದ ನಿಜವಾದ ಕಾಟೇಜು ಬೇರೆಯೇ. ದಪ್ಪ ಕಲ್ಲುಗೋಡೆಗೆ ಸುಣ್ಣ, ಗಾಳಿಗೆ ಹೆದರಿ ಚಿಕ್ಕದಾಗಿಟ್ಟ ಕಿಟಕಿ, ಹುಲ್ಲಿನ ಸೂರು ಹಾರಿಹೋಗದಂತೆ ಹಗ್ಗ ಬಿಗಿದು ತುದಿಗೆ ಕಟ್ಟಿದ ಕಲ್ಲುಗಳು. ಬಡವರ ಮನೆಯ ಹೆಸರು ಉಳಿದುಕೊಂಡು ಉಳ್ಳವರ ರಜೆಯ ಮನೆಗೆ ಬಂದಿದೆ ಅಷ್ಟೆ.

ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಹೆಂಗಸರು ಹೋದ ಕಡೆ ಅಡುಗೆಮನೆಗೆ ಬರಲೇಬೇಕು. ಮೊದಲ ಸಂಜೆಯೇ ನಾನೂ ಬೀಗಿತ್ತಿಯೂ ಸೆರಗು ಸಿಕ್ಕಿಸಿ ನಿಂತೆವು. ಅವರು ಈರುಳ್ಳಿ ಹೆಚ್ಚುತ್ತಾ, "ಅಲ್ರೀ ಬೀಗರ, ರಜಾ ಅಂತ ಬಂದು ಇಲ್ಲೂ ಒಲೀ ಮುಂದ ನಿಂತೀವಲ್ರೀ!" ಎಂದು ನಕ್ಕರು. ಮಗಳಿಗೆ ಅದು ಕೇಳಿಸಿತು. ಮರುದಿನ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ: ದಿನಕ್ಕೆ ಇಬ್ಬರ ಅಡುಗೆ, ಇಬ್ಬರ ಪಾತ್ರೆ. ನನ್ನ ಯಜಮಾನರ ಹೆಸರು ಬೀಗರ ಹೆಸರಿನ ಜೊತೆಯಲ್ಲಿತ್ತು! ಇಬ್ಬರೂ ಸೇರಿ ಮಾಡಿದ ಉಪ್ಪಿಟ್ಟು ಮುದ್ದೆಯಾಗಿತ್ತು. ಆದರೆ ಮದುವೆಯಾದ ಮೇಲೆ ನಾನು ಕೂತಲ್ಲಿಗೇ ತಟ್ಟೆ ಬಂದದ್ದು ಅಂದೇ. ರಾತ್ರಿ ಒಂಬತ್ತರವರೆಗೂ ಬೆಳಕು. ಮಕ್ಕಳು ಹುಲ್ಲಿನ ಮೇಲೆ ಕುಣಿಯುವುದನ್ನು ನೋಡುತ್ತಾ ನಾವಿಬ್ಬರು ಹೆಂಗಸರು ಸುಮ್ಮನೆ ಕೂತೆವು.

ಮೂರನೆಯ ದಿನ ಸ್ಲೀವ್‌ಮೋರ್ ಎಂಬ ಬೆಟ್ಟದ ತಪ್ಪಲಿಗೆ ಹೋದೆವು. ಅಲ್ಲಿ ಸೂರಿಲ್ಲದ 80ರಿಂದ 100 ಕಲ್ಲುಮನೆಗಳು ಸಾಲಾಗಿ ನಿಂತಿವೆ. ಬಾಗಿಲಿನ ಜಾಗವಿದೆ, ಬಾಗಿಲಿಲ್ಲ. ಆಲೂಗಡ್ಡೆ ಬೆಳೆದ ಏರಿಗಳ ಗುರುತು ಹುಲ್ಲಿನ ಕೆಳಗೆ ಇನ್ನೂ ಕಾಣುತ್ತದೆ. 1845ರಿಂದ ಕೆಲವು ವರ್ಷ ಆಲೂಗಡ್ಡೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಉಳಿದವರಿಗೂ ದುಡಿಮೆ ಹೊರಗೇ. 1894ರಲ್ಲಿ ಸ್ಕಾಟ್ಲೆಂಡಿನ ಕೊಯ್ಲಿಗೆ ಹೊರಟ ಈ ದ್ವೀಪದ 32 ಜನ, ಹಡಗು ಹತ್ತುವ ಮೊದಲೇ ದೋಣಿ ಮಗುಚಿ ತೀರಿಕೊಂಡರು. ಹೆಚ್ಚಿನವರು ಎಳೆಯರು.

ಸ್ಲೀವ್‌ಮೋರಿನ ಮನೆಗಳು ಮಾತ್ರ ಒಂದೇ ಸಲಕ್ಕೆ ಸಾಯಲಿಲ್ಲವಂತೆ. ಜನ ಕೆಳಗಿನ ಊರುಗಳಿಗೆ ಇಳಿದ ಮೇಲೂ, 20ನೆಯ ಶತಮಾನದ ಮೊದಲ ದಶಕಗಳವರೆಗೆ, ಬೇಸಿಗೆಯಲ್ಲಿ ದನ ಹೊಡೆದುಕೊಂಡು ಇಲ್ಲಿಗೆ ಬರುತ್ತಿದ್ದರು. ಅದಕ್ಕೆ 'ಬೂಲೀ' ಎನ್ನುತ್ತಾರೆ. ಐರ್ಲೆಂಡಿನಲ್ಲಿ ಹೀಗೆ ದನದ ಜೊತೆ ಬೆಟ್ಟಕ್ಕೆ ಹೋಗುತ್ತಿದ್ದವರಲ್ಲಿ ಹುಡುಗಿಯರೇ ಹೆಚ್ಚು. ಹಾಲು ಕರೆದು, ಬೆಣ್ಣೆ ತೆಗೆದು, ಸುಗ್ಗಿಯ ಹೊತ್ತಿಗೆ ಇಳಿಯುತ್ತಿದ್ದರು. ವರ್ಷಕ್ಕೆ ಕೆಲವು ತಿಂಗಳು ಒಲೆ ಉರಿದರೂ ಅವರಿಗೆ ಅದು ಮನೆಯೇ.

ಇದನ್ನು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಆದರೆ ನಮ್ಮ ಕಾಟೇಜಿನ ಬೀಗದ ಕೈ ನೋಡಿಕೊಳ್ಳುವ ಹೆಂಗಸು ಅದನ್ನು ಪೂರ್ತಿ ಉಳಿಯಗೊಡಲಿಲ್ಲ. ನನ್ನ ವಯಸ್ಸಿನವರೇ. ತಾವು ಸುಟ್ಟ ಸೋಡಾ ಬ್ರೆಡ್ಡು ತಂದುಕೊಟ್ಟು, ನಾನು ಶಾಲೆಯವಳೆಂದು ತಿಳಿದ ಮೇಲೆ ಕೂತು ಮಾತಾಡಿದರು. 1995ರಲ್ಲಿ ಸರ್ಕಾರ ಸಮುದ್ರತೀರದ ಕೆಲವು ಊರುಗಳಲ್ಲಿ ಕಟ್ಟುವವರಿಗೆ ತೆರಿಗೆ ರಿಯಾಯಿತಿ ಕೊಟ್ಟಿತು. ಆಕಿಲ್ ಕೂಡ ಅದರಲ್ಲಿತ್ತು, ರಜೆಯ ಮನೆಗಳು ಸಾಲುಸಾಲಾಗಿ ಎದ್ದವು. "ಬೇಸಿಗೆಯಲ್ಲಿ ನೀವು ಬರುವುದರಿಂದ ನನಗೆ ಕೆಲಸ. ಚಳಿಗಾಲದಲ್ಲಿ ನಮ್ಮ ರಸ್ತೆಯಲ್ಲಿ ದೀಪ ಹತ್ತುವುದು ಮೂರೇ ಮನೆಯಲ್ಲಿ. ಖಾಲಿ ಮನೆಗಳು ಶಾಲೆಗೆ ಮಕ್ಕಳನ್ನು ಕಳಿಸುತ್ತವೆಯೇ?" ಎಂದರು. ಮಕ್ಕಳಿಲ್ಲದೆ ಶಾಲೆ ಮುಚ್ಚುವುದನ್ನು ನಮ್ಮ ಮಲೆನಾಡಿನಲ್ಲೂ ಕಂಡವಳು ನಾನು. ಏನು ಹೇಳಲಿ?

ಈಗ ಆ ಕಾಗದದ ಮಾತು. ತೀರ್ಥಹಳ್ಳಿ ಕಡೆಯ ನನ್ನ ತೌರುಮನೆಗೆ ಬೀಗ ಬಿದ್ದು ಆರು ವರ್ಷವಾಯಿತು. ತಮ್ಮಂದಿರಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಬದಲಿಸುವವರಿಲ್ಲ, ಹಿಂದಿನ ಗೋಡೆ ಕುಸಿಯುತ್ತಿದೆ. ಮಾರಿಬಿಡೋಣ ಎನ್ನುತ್ತಾರೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ನನ್ನ ಸಹಿಯೂ ಬೇಕು. ತಮ್ಮಂದಿರ ಮೇಲೆ ನನಗೆ ಸಿಟ್ಟಿಲ್ಲ. ಮನೆ ನಿಲ್ಲಿಸಿಕೊಳ್ಳುವ ಖರ್ಚು ಮಾತಿನಿಂದ ಹುಟ್ಟುವುದಿಲ್ಲ.

ಆದರೂ ಒಂದು ಯೋಚನೆ ಬಿಡದೆ ಕಾಡಿತು. ಯಾರದೋ ಮನೆಗೆ ಬಾಡಿಗೆ ಕೊಟ್ಟು ಹನ್ನೊಂದು ಜನ ನಾಲ್ಕು ದಿನ ಒಂದೇ ಮೇಜಿನಲ್ಲಿ ಉಂಡೆವು. ನಮ್ಮದೇ ಜಗಲಿಯ ಮೇಲೆ ಹೀಗೆ ಕೂತು ಎಷ್ಟು ಕಾಲವಾಯಿತು! ವರ್ಷವಿಡೀ ಇರಲಾಗದಿದ್ದರೆ ಮನೆಯೇ ಬೇಡ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೆವು. ದನ ಹೊಡೆದುಕೊಂಡು ಬೆಟ್ಟ ಹತ್ತಿದ ಆ ಹುಡುಗಿಯರು ಹಾಗೆ ತಿಳಿದಿರಲಿಲ್ಲ.

ಡಬ್ಲಿನ್ನಿಗೆ ಮರಳಿದ ರಾತ್ರಿ ತಮ್ಮನಿಗೆ ಫೋನು ಮಾಡಿದೆ. "ಒಂದು ವರ್ಷ ತಡೆಯೋ. ಹೆಂಚಿನ ಖರ್ಚಿನಲ್ಲಿ ಮೂರನೆಯ ಒಂದು ಪಾಲು ನನ್ನದು. ಬರುವ ಬೇಸಿಗೆಗೆ ಎಲ್ಲರೂ ಅಲ್ಲಿ ಎಂಟು ದಿನ ಇರೋಣ. ಅಡುಗೆಗೆ ಚೀಟಿ ಬರೆಯುವವಳು ನಾನು, ನಿನ್ನ ಹೆಸರೂ ಅದರಲ್ಲಿರುತ್ತದೆ. ಆಮೇಲೂ ಮಾರಬೇಕೆನಿಸಿದರೆ ಸಹಿ ಹಾಕುತ್ತೇನೆ" ಎಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬಾವಿಗೆ ಹೊಸ ರಾಟೆ ಹಾಕಿಸಬೇಕಲ್ಲೇ ಅಕ್ಕ" ಎಂದ.