ಲೂತ್ರೋದಲ್ಲಿ ಊಟಕ್ಕೇನು?

ಗ್ರೀಸಿಗೆ ಹೋಗ್ತೇವೆ ಅಂದಾಗ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಊಟಕ್ಕೇನು ಮಾಡ್ತೀಯೇ?" ನೀವೂ ಅದನ್ನೇ ಕೇಳ್ತೀರಿ, ಅಲ್ವೇ? ಅದನ್ನೇ ಬರೀತೇನೆ.

2023ರ ಸೆಪ್ಟೆಂಬರಿನಲ್ಲಿ ಜರ್ಮನಿಯಲ್ಲಿರುವ ನನ್ನ ತಮ್ಮ ನಮ್ಮನ್ನು ಕ್ರೀಟ್ ದ್ವೀಪಕ್ಕೆ ಕರೆದೊಯ್ದ. ಅದರ ದಕ್ಷಿಣ ತೀರದಲ್ಲಿ ಲೂತ್ರೋ ಅಂತ ಪುಟ್ಟ ಹಳ್ಳಿ. ಕಾರು, ಬಸ್ಸು ಹೋಗುವ ರಸ್ತೆಯೇ ಇಲ್ಲ. ಹೋರಾ ಸ್ಫಾಕಿಯೋನ್ ಎಂಬಲ್ಲಿಂದ ದೋಣಿ ಹತ್ತಬೇಕು, ಇಲ್ಲವೇ ಬೆಟ್ಟದ ಕಾಲುದಾರಿ ಹಿಡಿಯಬೇಕು. ಬಿಳಿ ಗೋಡೆ, ನೀಲಿ ಕಿಟಕಿಯ ಮನೆಗಳು ನೀರಿನ ಅಂಚಿಗೇ ಕೂತಿವೆ. ಊಟದ ಹೋಟೆಲಿಗೆ ಅಲ್ಲಿ ತವೆರ್ನಾ ಅಂತಾರೆ.

ಮೊದಲ ರಾತ್ರಿಯೇ ಎಡವಟ್ಟಾಯಿತು. ದೋಲ್ಮಾದೆಸ್ ಅಂದರೆ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ್ದು. ಥೇಟ್ ನಮ್ಮ ಪತ್ರೊಡೆಯ ತಂಗಿ ಅಂತ ಖುಷಿಯಾಗಿ ಒಂದು ತುತ್ತು ನುಂಗಿದೆ. ಒಳಗೆ ಕೊಚ್ಚಿದ ಮಾಂಸ! 46 ವರ್ಷ ಮುಟ್ಟದ್ದು. ಎದ್ದು ಹೋಗಿ ಸಮುದ್ರದ ಕಡೆ ಮುಖ ಮಾಡಿ ನಿಂತೆ. ಬಡಿಸಿದವನ ತಪ್ಪಿಲ್ಲ, ನಾವು ಕೇಳಿಯೇ ಇರಲಿಲ್ಲ. "ಗೊತ್ತಿಲ್ದೆ ಆಗಿದ್ದು, ಬಿಡು" ಅಂದರು ನಮ್ಮೆಜಮಾನ್ರು. ಬಿಡೋದು ಅಷ್ಟು ಸುಲಭವೇ? ಮರುದಿನ ಮಧ್ಯಾಹ್ನದವರೆಗೂ ಬರೀ ಅಂಜೂರ, ಬ್ರೆಡ್ಡು.

ಆಮೇಲೆ ಇನ್ನೊಂದು ತವೆರ್ನಾದ ಅಡುಗೆಯಾಕೆ, ಹೆಚ್ಚುಕಡಿಮೆ ನನ್ನದೇ ವಯಸ್ಸು, ಕೈಹಿಡಿದು ಒಳಗೆ ಕರೆದೊಯ್ದು ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಒಂದು ಮಾತೂ ಕಲಿಸಿದಳು: 'ನಿಸ್ತೀಸಿಮೊ'. ಅವರ ಚರ್ಚಿನ ಉಪವಾಸದ ಅಡುಗೆ. ಮಾಂಸ, ಮೊಟ್ಟೆ, ಹಾಲು ಸೇರುವುದಿಲ್ಲ. (ಸೀಗಡಿ ಮಾತ್ರ ಉಪವಾಸಕ್ಕೆ ನಡೆಯುತ್ತದೆ, ಅದನ್ನೂ ಕೇಳಿಕೊಳ್ಳಿ!) ಮಾಂಸವಿಲ್ಲದ ದೋಲ್ಮಾದೆಸ್‌ಗೆ 'ಯಲಂಜೀ' ಅಂತಾರೆ, ಅಂದರೆ ಸುಳ್ಳಿನದು. ನನಗಂತೂ ಅದೇ ನಿಜವಾದದ್ದು.

ಟೊಮೇಟೊ, ದೊಣ್ಣೆಮೆಣಸಿನಕಾಯಿಯ ತಿರುಳು ತೆಗೆದು, ಅಕ್ಕಿ, ಈರುಳ್ಳಿ, ಪುದೀನ ತುಂಬಿ, ಆಲಿವ್ ಎಣ್ಣೆ ಸುರಿದು ಒಲೆಯೊಳಗೆ ಬೇಯಿಸಿದರೆ ಗೆಮಿಸ್ತಾ. 'ಫಾವಾ' ಅಂದರೆ ಹಳದಿ ಬಟಾಣಿಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಎಣ್ಣೆ, ನಿಂಬೆರಸ, ಹಸಿ ಈರುಳ್ಳಿ. ಒಗ್ಗರಣೆಯಿಲ್ಲದ ತೊವ್ವೆ ಅನ್ನಿ. ಬೇಯಿಸಿದ ಸೊಪ್ಪೂ ಸಿಗುತ್ತದೆ. ಖಾರ ಮಾತ್ರ ಎಲ್ಲೂ ಇಲ್ಲ, ಚಟ್ನಿಪುಡಿ ಒಯ್ಯಿರಿ.

ಇನ್ನು ಸಣ್ಣಪುಟ್ಟದ್ದು. ಬ್ರೆಡ್ಡು ತಾನಾಗಿ ಬಂದರೂ ಬಿಲ್ಲಿಗೆ ಸೇರಬಹುದು. ಶೌಚಾಲಯದಲ್ಲಿ ಕಾಗದವನ್ನು ಒಳಗೆ ಹಾಕಬಾರದು, ಪಕ್ಕದ ಬುಟ್ಟಿಗೆ ಹಾಕಬೇಕು, ಕೊಳವೆಗಳು ಸಣ್ಣವು. ಊಟವಾದ ಮೇಲೆ ಹಣ್ಣು, ಪುಟ್ಟ ಲೋಟದಲ್ಲಿ ರಾಕಿ ಪುಕ್ಕಟೆ ತಂದಿಡುತ್ತಾರೆ. ರಾಕಿ ಅಂದರೆ ಸಾರಾಯಿ, ನೀರೆಂದು ಎತ್ತಿಬಿಟ್ಟೀರಿ!

ಬರುವಾಗ ನನ್ನ ಚಟ್ನಿಪುಡಿಯ ಡಬ್ಬಿ ಆ ಅಡುಗೆಯಾಕೆಗೇ ಕೊಟ್ಟೆ. ಮೊದಲ ರಾತ್ರಿಯ ವಿಷಯ ಅತ್ತೆಗೆ ಇನ್ನೂ ಹೇಳಿಲ್ಲ. ಅವರೂ ಈ ಪುಟ ಓದುತ್ತಾರೆ, ಇಲ್ಲೇ ತಿಳಿಯಲಿ.